ಯಾರ ತಪ್ಪೆಂದು ಕೇಳದ ಮಳೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದು ತಮಗೆ ನೆನಪಿರಬಹುದು. ಎಡದಂಡೆ ಕಾಲುವೆಯನ್ನೇ ನಂಬಿದ್ದ ಗಂಗಾವತಿಯ ಭತ್ತದ ರೈತರು ವಾರವಿಡೀ ನಿದ್ದೆಗೆಟ್ಟರು. ತಾತ್ಕಾಲಿಕ ಗೇಟು ಕೂರಿಸುವಷ್ಟರಲ್ಲಿ ಹತ್ತಾರು ಟಿಎಂಸಿ ನೀರು ಹರಿದುಹೋಗಿತ್ತು. ಯಾರ ತಪ್ಪು ಎಂಬ ವಾದ ಮುಗಿಯುವ ಮೊದಲೇ ಮಳೆ ಸುರಿದು ಜಲಾಶಯ ಮತ್ತೆ ತುಂಬಿತು.

ಆ ದಿನಗಳಲ್ಲೇ ನನ್ನ ತಮ್ಮನ ಫೋನು ಬಂತು. ಯಲಬುರ್ಗಾ ಕಡೆಯ ನಮ್ಮ ಮಳೆಯಾಶ್ರಿತ ಹೊಲವನ್ನು ಕುಡಿತದ ಸಾಲಕ್ಕೆ ಮಾರಿ, ಅಪ್ಪನ ಮಣ್ಣಿಗೂ ಬಾರದೆ ಹೋದವನು. ಒಂಬತ್ತು ವರ್ಷ ನಾನು ಅವನೊಡನೆ ಮಾತನಾಡಿರಲಿಲ್ಲ. ಅದೇ ಒಂಬತ್ತು ವರ್ಷಗಳಲ್ಲಿ ಕೊಪ್ಪಳ, ಕುಷ್ಟಗಿಗಳಲ್ಲಿ ದುಂದುಗಾರ ಮಗನ ಸಾಮತಿಯ ಮೇಲೆ ಎಷ್ಟು ಸಲ ಪ್ರಬೋಧನೆ ಮಾಡಿದ್ದೇನೋ! ಒಳಗೆ ಬರಲೊಲ್ಲದೆ ಹೊರಗೇ ನಿಂತ ಹಿರಿಯ ಮಗ ನಾನೇ ಎಂಬುದು ಮಾತ್ರ ಹೊಳೆದಿರಲಿಲ್ಲ.

ಪ್ರವಾದಿ ಹೊಶೇಯ ದಾರಿತಪ್ಪಿದ ಹೆಂಡತಿಯನ್ನು 15 ಬೆಳ್ಳಿ ನಾಣ್ಯವನ್ನೂ ಜವೆಗೋಧಿಯನ್ನೂ ತೆತ್ತು ಮರಳಿ ಪಡೆದುಕೊಂಡ. ಅವಳು ಮೊದಲು ತಿದ್ದಿಕೊಂಡಳೆಂದು ಅಲ್ಲಿ ಬರೆದಿಲ್ಲ. ಸೆಮಿನರಿಯಲ್ಲಿ ಈ ಪಾಠಕ್ಕೆ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು. ಆದರೂ ದೇವರ ಪ್ರೀತಿಯನ್ನು ನಾನು ಕಾಲುವೆಯ ನೀರೆಂದೇ ಎಣಿಸಿದ್ದೆ: ಹಕ್ಕುಳ್ಳವರಿಗೆ, ಸರದಿಯಂತೆ, ಅಳತೆಯಷ್ಟೇ. ಕುಷ್ಟಗಿಯ ಸಜ್ಜೆ ಬೆಳೆಗಾರನನ್ನು ಕೇಳಿದ್ದರೆ ಮುಗಿಲಿಗೆ ಅಂಥ ಲೆಕ್ಕವಿಲ್ಲವೆಂದು ಹೇಳುತ್ತಿದ್ದ.

“ಯಣ್ಣಾ, ಬರ್ಲೇನು?” ಎಂದ ತಮ್ಮ. ಬಾ ಎಂದೆ.

ಭಾನುವಾರ ಬಲಿಪೂಜೆಯ ನಂತರ ಬಂದ, ಕುಡಿದೇ ಬಂದಿದ್ದ. ಬುದ್ಧಿಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡು ರೊಟ್ಟಿ ಬಡಿಸಿದೆ. ಕುಡಿತ ಇನ್ನೂ ಬಿಟ್ಟಿಲ್ಲ. ಬರುವುದನ್ನೂ ಬಿಟ್ಟಿಲ್ಲ.