ನನ್ನ ಅಂಕಪಟ್ಟಿ

ಇತರರಿಗೆ ಅಂಕ ಕೊಡುವುದೇ ವೃತ್ತಿಯಾದವನಿಗೆ ತನ್ನ ಅಂಕಪಟ್ಟಿಯನ್ನು ತಾನೇ ಕೈಯಲ್ಲಿ ಹಿಡಿದು ನಿಲ್ಲುವ ಸಂದರ್ಭ ಬರುವುದು ಅಪರೂಪ. ಉಪಾಧ್ಯಾಯ ತರಬೇತಿಯ ಪ್ರಮಾಣಪತ್ರ ದೊರೆತ ದಿನವೇ ಪರೀಕ್ಷೆಗಳ ಋಣ ತೀರಿತೆಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಮೂವತ್ತಾರನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ, ಎರಡು ದಿನ ಮೇಜಿನ ಮುಂದೆ ಕುಳಿತು ಮತ್ತೊಮ್ಮೆ ಪರೀಕ್ಷೆ ಕೊಟ್ಟೆ. ಪರೀಕ್ಷೆಯ ವಿಷಯ ನನ್ನ ಮಿದುಳು.

ನಮ್ಮ ಊರು ಕೊಯಮತ್ತೂರು ಜಿಲ್ಲೆಯ ಅನ್ನೂರು. ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿ ಊರನ್ನು ಹಾದುಹೋಗುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ನಮ್ಮಂಥ ನೇಯ್ಗೆಯವರ ಮನೆಗಳಲ್ಲಿ ಇದು ತಲೆತಲಾಂತರದಿಂದ ನಡೆದುಬಂದ ಏರ್ಪಾಡು. ನನ್ನ ಉದ್ಯೋಗ ಮಾತ್ರ ಬೆಟ್ಟದ ಮೇಲೆ, ತಾಳವಾಡಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ. ವಾರವೆಲ್ಲ ಅಲ್ಲಿದ್ದು, ವಾರದ ಕೊನೆಗೆ ದಿಂಬದ ೨೭ ತಿರುವುಗಳನ್ನು ಇಳಿದು ಮನೆ ಸೇರುತ್ತೇನೆ. ಅಷ್ಟು ತಿರುವುಗಳಲ್ಲಿ ಏನೂ ಆಗದವನು, ಬೇಸಗೆ ರಜೆಯ ಒಂದು ಗುರುವಾರ ಪುಳಿಯಂಪಟ್ಟಿಯ ಸಂತೆಯಿಂದ ಮರಳುವಾಗ, ನೆಟ್ಟಗಿನ ರಸ್ತೆಯಲ್ಲಿ, ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದೆ. ಹೆಲ್ಮೆಟ್ಟು ಇತ್ತು, ಬೈಕಿನ ಕನ್ನಡಿಗೆ ನೇತುಹಾಕಿಕೊಂಡಿತ್ತು.

ತಲೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಎರಡು ರಾತ್ರಿ ಮಲಗಿಸಿಕೊಂಡು ಮನೆಗೆ ಕಳುಹಿಸಿದರು. ಜೂನಿನಲ್ಲಿ ಶಾಲೆ ತೆರೆಯಿತು. ಆಗ ತಿಳಿಯಿತು, ನಾನು ಪೂರ್ತಿಯಾಗಿ ಮನೆಗೆ ಬಂದಿಲ್ಲವೆಂದು.

ಹಾಜರಿ ಪುಸ್ತಕ ತೆರೆದು ಹೆಸರು ಕೂಗುತ್ತಿರುವಾಗ ಮಧ್ಯದಲ್ಲಿ ಎಲ್ಲಿದ್ದೇನೆಂಬುದೇ ತಪ್ಪಿಹೋಗುತ್ತಿತ್ತು. ಇಬ್ಬರು ಮಕ್ಕಳು ಒಟ್ಟಿಗೆ ಮಾತನಾಡಿದರೆ ಇಬ್ಬರ ಮಾತೂ ಕೇಳಿಸುತ್ತಿರಲಿಲ್ಲ. ಒಂದು ದಿನ ಕಪ್ಪುಹಲಗೆಯ ಮೇಲೆ ವ್ಯವಕಲನದ ಲೆಕ್ಕ ಹಾಕುತ್ತ ಹತ್ತರ ಸ್ಥಾನದಿಂದ ಸಾಲ ತೆಗೆದುಕೊಂಡವನು, ತೆಗೆದುಕೊಂಡದ್ದನ್ನು ಏನು ಮಾಡಬೇಕೆಂದು ತೋಚದೆ ಸೀಮೆಸುಣ್ಣ ಹಿಡಿದು ನಿಂತುಬಿಟ್ಟೆ. ಎರಡನೆಯ ಸಾಲಿನ ಒಂದು ಹುಡುಗಿ ಮೆಲ್ಲನೆ ಮುಂದಿನ ಅಂಕಿಯನ್ನು ಹೇಳಿಕೊಟ್ಟಳು. ಆಮೇಲೆ ಹೆಸರು ತಪ್ಪಿದಾಗಲೂ ಅವಳೇ ಪಿಸುಗುಟ್ಟುತ್ತಿದ್ದಳು. ಮಕ್ಕಳು ಇದನ್ನು ಯಾರಿಗೂ ಹೇಳಲಿಲ್ಲ. ಅವರ ಆ ಮೌನವೇ ನನ್ನನ್ನು ಹೆಚ್ಚು ಹೆದರಿಸಿತು.

ಇಂತಹ ಸಣ್ಣ ಪೆಟ್ಟಿನ ತೊಂದರೆಗಳು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ತಿಂಗಳಲ್ಲಿ, ತಾವಾಗಿಯೇ ಹೋಗುತ್ತವೆಯಂತೆ. ನನಗೆ ಹತ್ತು ತಿಂಗಳಾದರೂ ಹೋಗಲಿಲ್ಲ. ಒಬ್ಬ ವೈದ್ಯರು ‘ಎಲ್ಲ ಮನಸ್ಸಿನ ಭ್ರಮೆ’ ಎಂದರು. ಮತ್ತೊಬ್ಬರು ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಎರಡನೆಯವರ ಮಾತನ್ನು ಕೇಳಿದೆ.

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದಾಗಿ ಅದು ರೂಪುಗೊಂಡಿತು. ನಮ್ಮ ಕಡೆ ಆ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ನಾನೂ ನೆರೆಯವರಿಗೆ ‘ಬೆಂಗಳೂರಿನಲ್ಲಿ ಸ್ವಲ್ಪ ಕೆಲಸ’ ಎಂದಷ್ಟೇ ಹೇಳಿ ಚಾಮರಾಜನಗರದ ದಾರಿ ಹಿಡಿದೆ.

ಪರೀಕ್ಷಿಸಿದವರು ನನಗಿಂತ ಕಿರಿಯರಾದ ಒಬ್ಬ ಮನಶ್ಶಾಸ್ತ್ರಜ್ಞೆ. ಮೊದಲ ಪ್ರಶ್ನೆಯೇ, ‘ಯಾವ ಭಾಷೆಯಲ್ಲಿ ಮಾಡೋಣ?’ ಜೀವಮಾನದಲ್ಲಿ ಯಾವ ಪರೀಕ್ಷಕರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕನ್ನಡವೆಂದೆ. ಆದರೂ ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳಿರೆಂದಾಗ ಮೊಲದ ಜಾಗದಲ್ಲಿ ‘ಮುಯಲ್’ ನುಗ್ಗಿ ಬಂದಿತು. ಆಕೆ ನಕ್ಕು, ಅದನ್ನೂ ಬರೆದುಕೊಂಡರು. ಹದಿನೈದು ಪದಗಳನ್ನು ಓದಿ ಹೇಳಿ, ನೆನಪಿನಲ್ಲಿ ಉಳಿದವನ್ನು ಹೇಳಿಸಿದರು. ಹೀಗೆ ಐದು ಸಲ. (ಆ ಪದಗಳು ಯಾವುವೆಂದು ಇಲ್ಲಿ ಬರೆಯುವುದಿಲ್ಲ. ಪ್ರಶ್ನೆಪತ್ರಿಕೆಯನ್ನು ಹೊರಗೆ ಬಿಡುವುದು ನಮ್ಮ ವೃತ್ತಿಗೆ ಒಪ್ಪದು.) ಅಂಕಿಗಳು ಕಿಕ್ಕಿರಿದ ಹಾಳೆಯಲ್ಲಿ ಹೇಳಿದ ಎರಡು ಅಂಕಿಗಳನ್ನು ಮಾತ್ರ ಹುಡುಕಿ ಗೆರೆಯೆಳೆದು ಹೊಡೆಯಬೇಕಿತ್ತು. ಅದು ಮುಗಿಯುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು.

ಕೆಲವು ವಾರಗಳ ನಂತರ ಫಲಿತಾಂಶ ಕೇಳಲು ಹೋದೆ. ಕಾಗದದ ಮೇಲೆ ಸಾಲು ಸಾಲಾಗಿ ಅಂಕಿಗಳು. ಮಾತಿನ ಕಲಿಕೆ ಮತ್ತು ನೆನಪು: ೬೦. ಗಮನವನ್ನು ಹಿಡಿದು ನಿಲ್ಲಿಸುವ ಶಕ್ತಿ: ೭. ಮಾನಸಿಕ ವೇಗ: ೯. ಮೂವತ್ತೈದಕ್ಕೆ ಪಾಸು ಮಾಡಿ ಮಾಡಿ ಅಭ್ಯಾಸವಾದ ಕಣ್ಣು ‘೭’ರ ಮೇಲೆ ನಿಂತುಬಿಟ್ಟಿತು. ನೂರಕ್ಕೆ ಏಳು! ನಮ್ಮ ಶಾಲೆಯಲ್ಲಿ ಯಾರಿಗೂ ಅಷ್ಟು ಕಡಮೆ ಕೊಟ್ಟವನಲ್ಲ ನಾನು. ಉದ್ಯೋಗ ಹೋಯಿತೆಂದೇ ಎಣಿಸಿದೆ.

ಆಕೆ ನನ್ನ ಮುಖ ನೋಡಿ, ಇದು ಶೇಕಡಾ ಅಲ್ಲ, ಪರ್ಸೆಂಟೈಲ್ ಎಂದು ಬಿಡಿಸಿ ಹೇಳಿದರು. ನನ್ನ ವಯೋವರ್ಗದ, ನನ್ನಷ್ಟೇ ಓದಿದ ನೂರು ಮಂದಿ ಆರೋಗ್ಯವಂತ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಏಳು ಮಂದಿ ನನಗಿಂತ ಹಿಂದೆ, ಉಳಿದವರು ಮುಂದೆ. ೧೫ಕ್ಕಿಂತ ಕೆಳಗಾದರೆ ಕೊರತೆಯೆಂದು ಗಣಿಸುತ್ತಾರೆ. ‘ಆ ನೂರು ಮಂದಿ ಯಾರು? ಯಾವ ದೇಶದವರು?’ ಎಂದು ಕೇಳಿದೆ; ಇಷ್ಟು ಕೇಳುವ ಹಕ್ಕು ಫೇಲಾದವನಿಗೂ ಉಂಟಷ್ಟೆ. ಪ್ರಶ್ನೆ ಅವರಿಗೆ ಹಿಡಿಸಿತೆಂದು ತೋರುತ್ತದೆ. ಆ ಸಂಸ್ಥೆಯಲ್ಲಿಯೇ ಶೋಭಿನಿ ರಾವ್ ಮತ್ತು ಅವರ ಸಹೋದ್ಯೋಗಿಗಳು ನಮ್ಮ ಜನರನ್ನೇ ಪರೀಕ್ಷಿಸಿ ಅಳತೆಗಳನ್ನು ಕಟ್ಟಿ ೨೦೦೪ರಲ್ಲಿ ಕೈಪಿಡಿಯನ್ನು ಪ್ರಕಟಿಸಿದರು. ವಯಸ್ಸು, ಓದು, ಗಂಡು ಹೆಣ್ಣೆಂಬ ಭೇದ, ಇವುಗಳಂತೆ ಗುಂಪು ಬೇರೆಬೇರೆ. ಶಾಲೆಯ ಮೆಟ್ಟಿಲು ಹತ್ತದವರಿಗೂ ಅದರಲ್ಲಿ ಒಂದು ಗುಂಪುಂಟು. ಅಕ್ಷರ ಬಾರದ ರೈತನನ್ನು ಕಾಲೇಜು ಓದಿದವನ ಪಕ್ಕದಲ್ಲಿ ನಿಲ್ಲಿಸಿ ಅಳೆಯುವುದಿಲ್ಲ. ನಮ್ಮ ಶಾಲಾ ಪರೀಕ್ಷೆಗಳಿಗೆ ಇನ್ನೂ ಬಾರದ ನ್ಯಾಯವಿದು.

‘ನಿಮ್ಮ ನೆನಪು ಚೆನ್ನಾಗಿಯೇ ಇದೆ’ ಎಂದರು ಆಕೆ. ‘ಮೊದಲ ಸಲ ಆರು ಪದ ಹೇಳಿದಿರಿ, ಐದನೆಯ ಸಲಕ್ಕೆ ಹದಿನಾಲ್ಕು. ಹೊತ್ತು ಕಳೆದು ಕೇಳಿದಾಗಲೂ ಹದಿಮೂರು ಉಳಿದಿತ್ತು. ಒಳಗೆ ಹೋದದ್ದು ಉಳಿಯುತ್ತದೆ. ಒಳಗೆ ಹೋಗುವುದೇ ನಿಧಾನ, ಗದ್ದಲವಿದ್ದರೆ ಹೋಗುವುದೂ ಇಲ್ಲ. ಒಳಕ್ಕೆ ಬಾರದ್ದನ್ನು ಮರೆತೆನೆಂದು ಹೇಗೆ ಹೇಳುತ್ತೀರಿ ಸಾರ್?’

ಆಗ ನನಗೆ ನೆನಪಾದದ್ದು ನನ್ನ ಪೆಟ್ಟಲ್ಲ. ನಮ್ಮ ತರಗತಿಯ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗನಿದ್ದಾನೆ. ಎರಡು ವರ್ಷ ಸತತವಾಗಿ ಅವನ ಪ್ರಗತಿಪತ್ರದಲ್ಲಿ ಕೆಂಪು ಶಾಯಿಯಿಂದ ‘ಜ್ಞಾಪಕಶಕ್ತಿ ಸಾಲದು’ ಎಂದು ಬರೆದವನು ನಾನು. ಯಾವ ಅಳತೆಗೋಲಿನಿಂದ ಅಳೆದೆ? ಒಂದು ಸಲ ಹೇಳಿ, ಮರುದಿನ ಕೇಳಿ, ಬಾರದಿದ್ದಾಗ ಬರೆದೆ. ಓದಲು ಬಾರದ ಅವನ ತಾಯಿ ಆ ಪತ್ರಕ್ಕೆ ಹೆಬ್ಬೆಟ್ಟೊತ್ತಿ ಹಿಂದಕ್ಕೆ ಕಳುಹಿಸಿದ್ದಳು.

ಊರಿಗೆ ಮರಳಿದ ಮೇಲೆ ಅವನನ್ನು ಮುಂದಿನ ಸಾಲಿಗೆ, ಕಿಟಕಿಯಿಂದ ದೂರ ಕೂರಿಸಿದೆ. ಪದ್ಯದ ಎರಡೆರಡು ಸಾಲುಗಳನ್ನು ಐದು ಸಲ ಹೇಳಿಕೊಟ್ಟೆ. ಪವಾಡವೇನೂ ನಡೆಯಲಿಲ್ಲ. ಆರನೆಯದು ಬೇಕಾಯಿತು, ಕೆಲವು ದಿನ ಎಂಟನೆಯದೂ. ಆದರೆ ಹೀಗೆ ಬಂದದ್ದು ಸೋಮವಾರವೂ ಅವನಲ್ಲಿ ಇತ್ತು. ಹಳೆಯ ಪತ್ರಗಳ ಕೆಂಪು ಶಾಯಿ ಹಾಗೆಯೇ ಇದೆ.

ವರದಿಯನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಬೇಕೆ ಬೇಡವೆ ಎಂದು ಒಂದು ವಾರ ತೊಳಲಾಡಿ, ಕಡೆಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿ, ಮಡಚಿ, ‘ಇದು ನಿಮ್ಮ ಹತ್ತಿರವೇ ಇರಲಿ ಮೇಷ್ಟ್ರೇ’ ಎಂದರು. ಮರುದಿನದಿಂದ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸುವ ಹೊತ್ತಿನಲ್ಲಿ ತಾವೇ ಬಂದು ಒಂದನ್ನು ಹೊರಗೆ ಕರೆದೊಯ್ಯತೊಡಗಿದರು.

ಮಕ್ಕಳಿಗೂ ಹೇಳಿದೆ. ಪರ್ಸೆಂಟೈಲನ್ನು ವಿವರಿಸಲು ಅವರನ್ನು ಹುಣಿಸೆಮರದವರೆಗೆ ಓಡಿಸಿ, ಬಂದ ಕ್ರಮದಲ್ಲಿ ನಿಲ್ಲಿಸಿದೆ. ಮೂರನೆಯ ತರಗತಿಯವರನ್ನು ಐದನೆಯವರ ಜೊತೆ ಓಡಿಸಿದ್ದು ತಪ್ಪೆಂದು ಅವರೇ ಜಗಳ ತೆಗೆದರು. ಗುಂಪು ಬೇರೆಯಾಗಬೇಕೆಂಬ ತತ್ತ್ವವನ್ನು ನಾನು ಹೇಳಬೇಕಾಗಲಿಲ್ಲ. ಪಿಸುಗುಟ್ಟುತ್ತಿದ್ದ ಹುಡುಗಿ ಕೇಳಿದಳು: ‘ಹಂಗಾದ್ರೆ ಸಾರ್, ನೀವು ಪಾಸಾ ಫೇಲಾ?’ ‘ನಿಧಾನ’ ಎಂದೆ. ಅದಕ್ಕೇನೂ ಅವರು ಆಶ್ಚರ್ಯಪಡಲಿಲ್ಲ.

ಇನ್ನು ಚಿಕಿತ್ಸೆಯ ಸಂಗತಿ. ಗುಳಿಗೆಯಿಲ್ಲ. ಬೆರೆಸಿದ ಕಾಳುಗಳನ್ನು ಜಾತಿವಾರು ಆರಿಸಬೇಕು, ಹಿಡಿದ ಹೊತ್ತನ್ನು ಬರೆದಿಡಬೇಕು. ಅಚ್ಚಾದ ಪುಟದಲ್ಲಿ ಒಂದು ಅಕ್ಷರವನ್ನು ಹುಡುಕಿ ಹುಡುಕಿ ಹೊಡೆಯಬೇಕು. ಗಮನವನ್ನು ಮತ್ತೆ ಪಳಗಿಸಲು ಆ ಸಂಸ್ಥೆಯವರು ಬಹುಕಾಲದಿಂದ ಬಳಸುತ್ತಿರುವ ಅಭ್ಯಾಸಗಳಿವು. ನಮ್ಮ ತಾಯಿ ಮೊರದಲ್ಲಿ ಅಕ್ಕಿ, ಹೆಸರು, ಹುರುಳಿ, ಅವರೆ, ಕಡಲೆ ಎಲ್ಲವನ್ನೂ ಬೆರೆಸಿ ನನ್ನ ಮುಂದಿಟ್ಟು, ‘ಏನಪ್ಪಾ, ಇದಕ್ಕಾ ಬೆಂಗಳೂರು ತಂಕ ಹೋಗಿದ್ದು?’ ಎಂದಳು. ಐವತ್ತು ವರ್ಷ ಮಗ್ಗದ ಮನೆಯಲ್ಲಿ ಎಳೆ ತಪ್ಪದಂತೆ ನೋಡಿದ ಕಣ್ಣು ಅವಳದು. ನಾನು ಇಪ್ಪತ್ತೊಂದು ನಿಮಿಷದಲ್ಲಿ ಮುಗಿಸಿದ್ದನ್ನು ಅವಳು ಹರಟೆ ಹೊಡೆಯುತ್ತಲೇ ಎಂಟು ನಿಮಿಷದಲ್ಲಿ ಮುಗಿಸಿದಳು.

ಕಳೆದ ಭಾನುವಾರ ನನಗೆ ಹದಿನಾಲ್ಕು ನಿಮಿಷ ಹಿಡಿಯಿತು. ಹೆಸರುಕಾಳಿನ ಗುಡ್ಡೆಯಲ್ಲಿ ಎರಡು ಹುರುಳಿ ಸಿಕ್ಕವು. ಅವನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, ಉಳಿದದ್ದನ್ನು ನೆನೆಯಹಾಕಲು ತಾಯಿ ಒಳಗೆ ಹೋದಳು.