ದುಂಡಸಿಯ ಜಗಲಿಯಲ್ಲಿ ಒಂದು ಲೋಟಾ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟರೆ ಶಿಗ್ಗಾವಿ ತಾಲೂಕು ಸಿಗುತ್ತದೆ. 1997ರವರೆಗೆ ಧಾರವಾಡಕ್ಕೆ ಸೇರಿದ್ದ ಇದು ಈಗ ಹಾವೇರಿ ಜಿಲ್ಲೆಯಲ್ಲಿದೆ. ಸಂತ ಶಿಶುನಾಳ ಶರೀಫರ ಊರು ಇದೇ ತಾಲೂಕಿನದು. ಇಲ್ಲಿನ ದುಂಡಸಿಗೆ ಸಂಬಂಧಿಕರ ಮಗಳ ಮದುವೆ ಮಾತುಕತೆಗೆಂದು ನಾನು ಹೋಗಿದ್ದೆ. ಮದುವೆಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಆ ಮನೆಯ ಜಗಲಿಯಲ್ಲಿದ್ದ ಒಂದು ಲೋಟಾದ ವಿಷಯ ಕೇಳಿ.

ಅಸರ್ ನಮಾಝಿನ ಹೊತ್ತು. ಮನೆಯ ಅಜ್ಜಿ ತಾಮ್ರದ ಲೋಟಾದಲ್ಲಿ ನೀರು ತಂದಿಟ್ಟರು. ಹೊಟ್ಟೆ ದುಂಡಗೆ, ಕುತ್ತಿಗೆ ಸಣ್ಣ, ಬದಿಯಲ್ಲಿ ಬಾಗಿದ ಮೂತಿ. ಕರಾವಳಿಯ ಸಹೋದರಿಯರು ಗಿಂಡಿ ಎನ್ನುವುದು ಇದರ ನಂಟೇ. ಅದರ ಮೇಲೆ ಒಂದು ಹೂವಿನ ಚಿತ್ರವೂ ಇರಲಿಲ್ಲ. ಆದರೆ ಕುತ್ತಿಗೆ ಅಂಗೈಗೆ ಹೇಳಿ ಮಾಡಿಸಿದಂತಿತ್ತು. ತುಸು ಬಾಗಿಸಿದರೆ ಸಾಕು, ಸಣ್ಣ ಧಾರೆ. ನೆಟ್ಟಗೆ ಮಾಡಿದೊಡನೆ ನೀರು ನಿಲ್ಲುತ್ತಿತ್ತು. ವುಝೂ ಮುಗಿದಾಗ ತಳದಲ್ಲಿ ಇನ್ನೂ ನೀರು ಉಳಿದಿತ್ತು!

ಮನೆಗೆ ಮರಳಿದ ಮೇಲೆ ನಮ್ಮ ನಲ್ಲಿಯ ಕೆಳಗೆ ಬಕೆಟ್ ಇಟ್ಟು ವುಝೂ ಮಾಡಿ ನೋಡಿದೆ. ಅರ್ಧ ಬಕೆಟ್ ತುಂಬಿತು. ನಾಚಿಕೆಯಾಯಿತು. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಮುದ್ದ್ ಎಂದರೆ ಎರಡೂ ಕೈ ಜೋಡಿಸಿದ ಒಂದು ಬೊಗಸೆಯಷ್ಟು. ಹೆಚ್ಚೆಂದರೆ ಒಂದು ಲೀಟರ್. ಆ ಮಿತಿಯನ್ನು ಲೋಟಾ ತಾನಾಗಿಯೇ ನೆನಪಿಸುತ್ತದೆ, ನಲ್ಲಿ ಮರೆಸುತ್ತದೆ.

ಈ ಸಾದಾ ಪಾತ್ರೆಯನ್ನು ಮೆಚ್ಚಿದವರು ಹೊರಗಿನವರೂ ಇದ್ದಾರೆ. 1958ರಲ್ಲಿ ಭಾರತ ಸರಕಾರದ ಕರೆಯ ಮೇರೆಗೆ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಒಂದು ವರದಿ ಕೊಟ್ಟರು. ದೇಶದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಲೋಟಾವನ್ನೇ ಅವರು ಬಹಳವಾಗಿ ಹೊಗಳಿದರು. ಕೈಯಳತೆ, ಹೊರುವಾಗಿನ ತೂಕ, ನೀರು ಸುರಿಯುವ ರೀತಿ, ತೊಳೆಯುವ ಸುಲಭ, ಬೆಲೆ ಎಲ್ಲವನ್ನೂ ಅದು ಲೆಕ್ಕ ಹಾಕಿದೆ; ಅದನ್ನು ರೂಪಿಸಿದ್ದು ಒಬ್ಬ ವ್ಯಕ್ತಿಯಲ್ಲ, ಹಲವು ತಲೆಮಾರುಗಳು ಎಂಬುದು ಅವರ ಅಭಿಪ್ರಾಯ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಜರ್ಮನಿಯ ಡೀಟರ್ ರಾಮ್ಸ್, ಬ್ರೌನ್ ಕಂಪೆನಿಯ ರೇಡಿಯೋ, ಗಡಿಯಾರಗಳನ್ನು ರೂಪಿಸುವಾಗ ಅನಾವಶ್ಯಕವಾದುದನ್ನೆಲ್ಲ ತೆಗೆದುಹಾಕಿದ್ದೂ ಇದೇ ದಾರಿಯಲ್ಲಿ. ನಮ್ಮ ಅಜ್ಜಿಯಂದಿರಿಗೆ ಅವರ ಹೆಸರು ಗೊತ್ತಿರಲಿಲ್ಲ, ಗುಟ್ಟು ಗೊತ್ತಿತ್ತು.

ಈಗ ಮದುವೆಯ ವಿಷಯ. ಹುಡುಗಿಯ ತಾಯಿ ಸಾಮಾನಿನ ಪಟ್ಟಿ ಹಿಡಿದು ಕುಳಿತಿದ್ದರು. ಶೋಕೇಸ್, ಚಿನ್ನದ ಅಂಚಿನ ಡಿನ್ನರ್ ಸೆಟ್... ಎಲ್ಲಕ್ಕೂ ಸಾಲ. "ಜನ ಏನೆಂದಾರು?" ಎಂಬುದೊಂದೇ ಅವರ ಚಿಂತೆ. ಅಜ್ಜಿ ಮೆಲ್ಲನೆ ಹೇಳಿದರು: "ನಾ ಈ ಮನೀಗೆ ಬರುವಾಗ ತಂದ ಲೋಟಾ ಇದು. ದಿನಾ ಐದು ಹೊತ್ತು ಕೈಗೆ ಬರ್ತದ. ನಿನ್ನ ಶೋಕೇಸಿಂದು ಯಾವಾಗ ಕೈಗೆ ಬರ್ತದವ್ವಾ?"

ತಾಯಿ ಉತ್ತರಿಸಲಿಲ್ಲ. ಆದರೆ ನಾನು ಹೊರಡುವ ಮೊದಲು ಪಟ್ಟಿಯ ಎರಡು ಸಾಲುಗಳ ಮೇಲೆ ಗೆರೆ ಬಿದ್ದಿತ್ತು.

ಸಹೋದರಿಯರೇ, ನಿಮ್ಮ ಅಟ್ಟದ ಮೇಲೂ ಇಂಥದೊಂದು ಲೋಟಾ ಇರಬಹುದು. ಕೆಳಗಿಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ನಾಳೆಯ ಫಜ್ರ್‌ಗೆ ನೀರು ತುಂಬಿಡಿ.