ಮೂರೇ ಬಳ್ಳಿಗಳ ತೋಟ

ದ್ರಾಕ್ಷಿ ತೋಟ ಎಂದರೆ ಎಷ್ಟು ದೊಡ್ಡದಿರಬೇಕು? ವಿಜಯಪುರದ ಕಡೆಯ ರೈತರನ್ನು ಕೇಳಿದರೆ ಎಕರೆಗಳ ಲೆಕ್ಕ ಹೇಳುತ್ತಾರೆ. ಆದರೆ ಸ್ವಿಟ್ಜರ್ಲೆಂಡಿನ ಒಂದು ಪುಟ್ಟ ಊರಿನಲ್ಲಿರುವ ಒಂದು ತೋಟದಲ್ಲಿ ಇರುವುದು ಮೂರೇ ಮೂರು ಬಳ್ಳಿ. ಅಳತೆ ಎರಡು ಚದರ ಮೀಟರಿಗೂ ಕಡಿಮೆ. ಒಬ್ಬರು ಮಲಗುವ ಚಾಪೆ ಹಾಸಿದರೆ ತೋಟ ಮುಗಿದೇ ಹೋಯಿತು! ಜಗತ್ತಿನ ಅತಿ ಚಿಕ್ಕ ದ್ರಾಕ್ಷಿ ತೋಟ ಎಂದು ಅದಕ್ಕೆ ಹೆಸರು. ಅದರ ಒಡೆಯರು ಯಾರೆಂದು ಗೊತ್ತಾದರೆ ಕರ್ನಾಟಕದವರಿಗೆ, ಅದರಲ್ಲೂ ಮೈಸೂರು ಕಡೆಯವರಿಗೆ, ಇನ್ನಷ್ಟು ಆಶ್ಚರ್ಯವಾದೀತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಊರಿಗೆ ಹೋಗೋಣ.

ಊರಿನ ಹೆಸರು ಸಾಯೋಂ. ದಸರಾ ರಜೆಯಲ್ಲಿ ಜಿನೀವಾದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಅಲ್ಲಿಗೆ ಹೋಗಿಬಂದೆವು. ಜೊತೆಗೆ ಮೈಸೂರಿನಿಂದ ನನ್ನೊಡನೆ ಬಂದಿದ್ದ ಮಗಳ ಮಗಳು, ಐದನೆಯ ತರಗತಿಯ ಪುಟ್ಟಿ. ಜಿನೀವಾದಿಂದ ಹೊರಟ ರೈಲು ಬಹಳ ಹೊತ್ತು ಸರೋವರದ ದಂಡೆಯಲ್ಲೇ ಓಡುತ್ತದೆ. ಬಲಗಡೆ ನೀಲಿ ನೀರು, ಎಡಗಡೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ದ್ರಾಕ್ಷಿ ತೋಟಗಳು. ಲಾವೋ ಎಂಬ ಈ ಮೆಟ್ಟಿಲು ತೋಟಗಳನ್ನು ಯುನೆಸ್ಕೊ 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸರೋವರ ಮುಗಿಯುತ್ತಿದ್ದಂತೆ ರೈಲು ರೋನ್ ನದಿಯ ಕಣಿವೆಗೆ ನುಗ್ಗುತ್ತದೆ. ಎರಡೂ ಕಡೆ ಗೋಡೆ ಕಟ್ಟಿದ ಹಾಗೆ ಬೆಟ್ಟಗಳು. ಮಾರ್ಟಿನಿ ಎಂಬ ಪಟ್ಟಣದ ಹತ್ತಿರ ಕಣಿವೆ ಥಟ್ಟನೆ ತಿರುಗುತ್ತದೆ. ಅಲ್ಲಿಂದ ಸಾಯೋಂ ದೂರವಿಲ್ಲ.

ಈ ಪ್ರಾಂತದ ಹೆಸರು ವಾಲೆ. "ಕಿವಿಯ ವಾಲೆಯಾ ಅಜ್ಜಿ?" ಎಂದಳು ಪುಟ್ಟಿ. ಅಲ್ಲ, ಕಣಿವೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರದು. ಈ ಪ್ರಾಂತದಲ್ಲಿ 4000 ಮೀಟರ್ ದಾಟಿದ ಶಿಖರಗಳೇ ಹತ್ತಾರು ಇವೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಅಷ್ಟು ಎತ್ತರವಾಗದು.

ಇಂಥ ಹಿಮದ ನಾಡಿನಲ್ಲಿ ದ್ರಾಕ್ಷಿ ಹೇಗೆ ಬೆಳೆಯುತ್ತದೆ? ನಮ್ಮ ಸಹ್ಯಾದ್ರಿಯನ್ನು ನೆನೆಸಿಕೊಳ್ಳಿ. ಅರಬ್ಬಿ ಸಮುದ್ರದಿಂದ ಬಂದ ಮೋಡ ಆಗುಂಬೆಯ ಕಡೆ ಸುರಿದು ಹಗುರಾಗುತ್ತದೆ. ಬೆಟ್ಟದ ಆಚೆಯ ಬಯಲುಸೀಮೆಗೆ ಉಳಿಯುವುದು ಅಲ್ಪಸ್ವಲ್ಪ. ಇದನ್ನು ಮಳೆನೆರಳು ಎನ್ನುತ್ತೇವೆ. ವಾಲೆಯದೂ ಅದೇ ಕಥೆ. ಉತ್ತರಕ್ಕೂ ದಕ್ಷಿಣಕ್ಕೂ ನಿಂತ ಆಲ್ಪ್ಸ್ ಬೆಟ್ಟಗಳು ಮೋಡಗಳನ್ನು ತಡೆದುಬಿಡುತ್ತವೆ. ಪ್ರಾಂತದ ಮುಖ್ಯ ಪಟ್ಟಣ ಸಿಯೋಂನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಹೆಚ್ಚುಕಡಿಮೆ ನಮ್ಮ ವಿಜಯಪುರದಷ್ಟೇ! ಹಣ್ಣಾಗುವ ಹೊತ್ತಿಗೆ ಮಳೆ ಬಂದರೆ ದ್ರಾಕ್ಷಿ ಒಡೆಯುತ್ತದೆ, ಕೊಳೆಯುತ್ತದೆ. ಅದಕ್ಕೇ ಒಣ ಹವೆಯ ಈ ಎರಡೂ ಸೀಮೆಗಳು ದ್ರಾಕ್ಷಿಗೆ ಹೆಸರಾದವು.

ಸಾಯೋಂ ಇರುವುದು ನದಿಯ ಉತ್ತರ ದಂಡೆಯಲ್ಲಿ. ಅಲ್ಲಿಯ ಇಳಿಜಾರುಗಳು ದಕ್ಷಿಣಕ್ಕೆ ಮುಖಮಾಡಿ ಬಿಸಿಲು ಕಾಯುತ್ತವೆ. ಇಳಿಜಾರನ್ನು ಮೆಟ್ಟಿಲಾಗಿ ಕಡಿದು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಗೋಡೆ ಕಟ್ಟಿದ್ದಾರೆ. ಹಗಲಲ್ಲಿ ಕಾದ ಆ ಕಲ್ಲುಗಳು ರಾತ್ರಿ ಬಳ್ಳಿಗಳಿಗೆ ಬಿಸಿ ಕೊಡುತ್ತವೆ. ಸಂಜೆಯ ಹೊತ್ತು ಒಂದು ಗೋಡೆಗೆ ಅಂಗೈ ಇಟ್ಟು ನೋಡಿದೆ. ಗಾಳಿ ಥಂಡಿಯಾಗಿತ್ತು, ಕಲ್ಲು ಮಾತ್ರ ಈಗತಾನೆ ಇಳಿಸಿದ ದೋಸೆಕಲ್ಲಿನ ಅಂಚಿನ ಹಾಗೆ ಬೆಚ್ಚಗಿತ್ತು.

ಒಂದು ವ್ಯತ್ಯಾಸವನ್ನು ಮಕ್ಕಳು ಗಮನಿಸಬೇಕು. ನಮ್ಮಲ್ಲಿ ದ್ರಾಕ್ಷಿ ಬಳ್ಳಿಗೆ ನಿದ್ದೆಯೇ ಇಲ್ಲ. ವಿಜಯಪುರದ ಕಡೆ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ ಬಳ್ಳಿ ಸವರುತ್ತಾರೆ. ಹಣ್ಣು ಬರುವುದು ಬೇಸಿಗೆಯ ಬಾಗಿಲಲ್ಲಿ. ವಾಲೆಯಲ್ಲಿ ಚಳಿಗಾಲ ಬಂದರೆ ಎಲೆ ಉದುರಿಸಿದ ಬಳ್ಳಿ ಒಣ ಕಟ್ಟಿಗೆಯ ಹಾಗೆ ನಿದ್ದೆ ಹೋಗುತ್ತದೆ. ಚಳಿ ಮುಗಿಯುವ ಹೊತ್ತಿಗೆ ಒಮ್ಮೆ ಸವರುತ್ತಾರೆ. ವಸಂತದಲ್ಲಿ ಚಿಗುರು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೊಯ್ಲು. ನಾವು ಹೋದದ್ದು ಕೊಯ್ಲು ಮುಗಿಯುತ್ತಿದ್ದ ದಿನಗಳಲ್ಲಿ. ಎಲೆಗಳು ಅರಿಸಿನ ಬಣ್ಣಕ್ಕೆ ತಿರುಗಿದ್ದವು. ಇಲ್ಲಿಯ ದ್ರಾಕ್ಷಿಯ ಬಹುಪಾಲು ವೈನಿಗೆ ಹೋಗುತ್ತದೆ. ಅದು ದೊಡ್ಡವರ ಪಾನೀಯ. ನಮಗಿಬ್ಬರಿಗೂ ಮಗ ದ್ರಾಕ್ಷಿ ರಸ ಕೊಡಿಸಿದ. ಸಕ್ಕರೆ ಹಾಕಿದ್ದಾರೇನೋ ಎನ್ನುವಷ್ಟು ಸಿಹಿ.

ಮಳೆ ಕಡಿಮೆ ಎಂದ ಮೇಲೆ ನೀರು? ಅದಕ್ಕೆ ವಾಲೆಯ ಹಳೆಯ ಜನ ಕಂಡುಕೊಂಡ ದಾರಿ 'ಬಿಸ್' ಎಂಬ ಕಾಲುವೆ. ಮೇಲಿನ ಹಿಮನದಿಗಳು ಕರಗಿ ಹರಿಯುವ ನೀರನ್ನು ಬೆಟ್ಟದ ಪಕ್ಕೆಯಲ್ಲೇ ಮೈಲಿಗಟ್ಟಲೆ ಸಾಗಿಸಿ ಹೊಲ-ತೋಟಗಳಿಗೆ ತರುತ್ತಿದ್ದರು. ಬಂಡೆ ಕಡಿದಾಗಿರುವ ಕಡೆ ಮರದ ತೊಟ್ಟಿಗಳನ್ನೇ ಪ್ರಪಾತದ ಮೇಲೆ ನೇತುಹಾಕುತ್ತಿದ್ದರು. ಆ ಕೆಲಸದಲ್ಲಿ ಜಾರಿ ಸತ್ತವರೂ ಉಂಟು. ಕಾಲುವೆಯಲ್ಲಿ ಒಂದು ಪುಟ್ಟ ನೀರಿನ ಚಕ್ರ, ಅದಕ್ಕೊಂದು ಮರದ ಸುತ್ತಿಗೆ. ನೀರು ಹರಿಯುವಷ್ಟು ಹೊತ್ತೂ ಚಕ್ರ ತಿರುಗಿ ಸುತ್ತಿಗೆ 'ಟಕ್ ಟಕ್' ಎನ್ನುತ್ತಿತ್ತು. ಸದ್ದು ನಿಂತರೆ ಎಲ್ಲೋ ಕಾಲುವೆ ಒಡೆದಿದೆ ಎಂದು ಅರ್ಥ. ಕಾವಲಿನವನು ರಾತ್ರಿಯಾದರೂ ಎದ್ದು ಓಡಬೇಕು. ಯಾರಿಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕವನ್ನು ಮರದ ತುಂಡುಗಳ ಮೇಲೆ ಗೀರು ಹಾಕಿ ಇಡುತ್ತಿದ್ದರು. ನಮ್ಮ ಕೆರೆಗಳ ನೀರುಗಂಟಿಯನ್ನು ನೋಡಿದ ಹಿರಿಯರಿಗೆ ಇದು ಪರಿಚಿತ ಎನಿಸೀತು. ಬಡವನ ಪಾಲಿನ ನೀರು ಶ್ರೀಮಂತನ ಗದ್ದೆಗೆ ಹೋಗದಂತೆ ನೋಡಿಕೊಳ್ಳುವ ನಂಬಿಗಸ್ತ ಎಲ್ಲ ಊರಿಗೂ ಬೇಕು.

ಸಾಯೋಂನ ಹಳೆಯ ಊರು ಒಂದು ಬಂಡೆಗುಡ್ಡದ ಮೇಲಿದೆ. ಸುತ್ತ ಕೋಟೆಗೋಡೆ, ಒಳಗೆ ಕಲ್ಲುಹಾಸಿನ ಕಿರಿದಾದ ಓಣಿಗಳು. ನೆತ್ತಿಯ ಮೇಲೆ 13ನೆಯ ಶತಮಾನದ ಬಾಯಾರ್ ಗೋಪುರ. ಅಲ್ಲಿಂದ ನೋಡಿದರೆ ಕೆಳಗೆ ಕಣಿವೆಯ ತಳ ಹಾಸಿದ ಹಾಗೆ ಕಾಣುತ್ತದೆ: ಏಪ್ರಿಕಾಟ್ ತೋಟಗಳು, ತರಕಾರಿ ಹೊಲಗಳು, ಗೆರೆ ಎಳೆದ ಹಾಗೆ ಹರಿಯುವ ರೋನ್. ಹಿಂದೆ ಈ ನದಿ ಮನಬಂದಂತೆ ಹರಿದು ತಳವನ್ನೆಲ್ಲ ಜೌಗು ಮಾಡಿತ್ತು. 19ನೆಯ ಶತಮಾನದಲ್ಲಿ ದಂಡೆ ಕಟ್ಟಿ ಅದನ್ನು ನೇರ ಮಾಡಿದ ಮೇಲೆಯೇ ಅಲ್ಲಿ ತೋಟಗಳಾದದ್ದು.

ಅದಕ್ಕೂ ಮುಂಚಿನ ಬಡತನದ ಕಾಲದಲ್ಲಿ ಇಲ್ಲಿಗೆ ಬಂದವನು ಫಾರಿನೆ. ಹುಟ್ಟಿದ್ದು 1845ರಲ್ಲಿ, ಬೆಟ್ಟದಾಚೆಯ ಇಟಲಿ ಕಡೆಯ ಆವೋಸ್ತಾ ಕಣಿವೆಯಲ್ಲಿ. ಅವನ ಕಸುಬು ಖೋಟಾ ನಾಣ್ಯ ತಯಾರಿಸುವುದು! ಅದೂ ಚಿನ್ನದ್ದಲ್ಲ, ಬೆಳ್ಳಿಯದಲ್ಲ; 20 ಸಾಂತೀಮಿನ ಚಿಲ್ಲರೆ. ಐದು ಸೇರಿದರೆ ಒಂದು ಫ್ರಾಂಕ್. ಕಮಲದ ಚಿತ್ರವಿದ್ದ ಹಳದಿ 20 ಪೈಸೆ ಅಜ್ಜ-ಅಜ್ಜಿಯರಿಗೆ ನೆನಪಿರಬೇಕಲ್ಲ, ಅಂಥ ಪುಡಿನಾಣ್ಯ. ಅದನ್ನು ಅವನು ಬಡವರಿಗೆ ಹಂಚುತ್ತಿದ್ದ ಎಂದು ಊರ ಜನ ಇಂದಿಗೂ ಹೇಳುತ್ತಾರೆ. 1870ರ ಆಸುಪಾಸಿನಲ್ಲಿ ಆ ಪ್ರಾಂತದ ಬ್ಯಾಂಕು ಮುಳುಗಿಹೋಯಿತು. ಕಾಗದದ ನೋಟು ಕಂಡರೆ ಜನ ಹೆದರುವಂತಾಯಿತು. ಸರ್ಕಾರಿ ನೋಟಿಗಿಂತ ಫಾರಿನೆಯ ನಾಣ್ಯವೇ ವಾಸಿ ಎನ್ನುವ ಮಟ್ಟಕ್ಕೆ ಮಾತು ಬಂತು. ಪೊಲೀಸರು ಹಿಡಿಯುವುದು, ಅವನು ತಪ್ಪಿಸಿಕೊಳ್ಳುವುದು, ಊರವರು ಬಚ್ಚಿಡುವುದು ವರ್ಷಗಟ್ಟಲೆ ನಡೆಯಿತು. ಕೊನೆಗೆ 1880ರ ಏಪ್ರಿಲ್‌ನಲ್ಲಿ ಸಾಯೋಂ ಪಕ್ಕದ ಆಳವಾದ ಕಮರಿಯಲ್ಲಿ ಅವನ ಹೆಣ ಸಿಕ್ಕಿತು. ವಯಸ್ಸು 34. ಗುಂಡೇಟಿಗೆ ಸತ್ತನೋ, ಬಂಡೆಯಿಂದ ಬಿದ್ದನೋ ಎಂಬ ವಾದ ಇಂದಿಗೂ ಮುಗಿದಿಲ್ಲ.

ಈಗ ಆ ಕಮರಿಯ ಮೇಲೆ ಅವನ ಹೆಸರಿನ ತೂಗುಸೇತುವೆ ಇದೆ. ನೂರು ಮೀಟರಿಗೂ ಹೆಚ್ಚು ಆಳ. ಮಂಡಿನೋವಿನ ನೆಪ ಹೇಳಿ ನಾನು ಈಚೆ ದಡದಲ್ಲೇ ಕುಳಿತೆ. ಊರೊಳಗೆ ಖೋಟಾ ಹಣದ್ದೇ ಒಂದು ಮ್ಯೂಸಿಯಂ ಇದೆ. ಅದನ್ನು ನೋಡಿ ಹೊರಗೆ ಬಂದಾಗ ಪುಟ್ಟಿಯ ಮುಖ ಗಂಟಾಗಿತ್ತು.

"ಅಜ್ಜಿ, ಸುಳ್ಳು ನಾಣ್ಯ ಕೊಡೋದು ಮೋಸ ಅಲ್ವಾ? ಮತ್ತೆ ಅವನಿಗ್ಯಾಕೆ ಸೇತುವೆ?"

"ಮೋಸವೇ ಪುಟ್ಟಿ. ನಾಣ್ಯ ಕೈಯಿಂದ ಕೈಗೆ ಹೋಗುತ್ತೆ. ಯಾವತ್ತೋ ಒಂದು ದಿನ ಯಾರೋ ಅದನ್ನ 'ಇದು ನಡೆಯೋದಿಲ್ಲ' ಅಂತ ವಾಪಸ್ಸು ಕೊಡ್ತಾರೆ. ಆವತ್ತು ಅದು ಯಾರ ಕೈಯಲ್ಲಿರುತ್ತೋ ಅವರಿಗೆ ನಷ್ಟ. ಅವರೂ ಬಡವರೇ ಆಗಿರಬಹುದು."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಹಾಗಾದ್ರೆ ಬ್ಯಾಂಕು ಮುಳುಗಿದಾಗ ನೋಟು ಯಾರ ಕೈಯಲ್ಲಿತ್ತೋ ಅವರಿಗೂ ನಷ್ಟ ಆಯ್ತಲ್ಲ? ಅದು ಮೋಸ ಅಲ್ವಾ?"

ಇದಕ್ಕೆ ಥಟ್ಟನೆ ಉತ್ತರ ಕೊಡಲು ನನಗಾಗಲಿಲ್ಲ. ನೋಟಾಗಲಿ ನಾಣ್ಯವಾಗಲಿ ನಡೆಯುವುದು ನಂಬಿಕೆಯ ಮೇಲೆ, ಆ ನಂಬಿಕೆಯನ್ನು ಇಬ್ಬರೂ ಕೆಡಿಸಿದರು ಎಂದಷ್ಟೇ ಹೇಳಿದೆ. ಮನೆಯಲ್ಲಿ ಊಟಕ್ಕೆ ಕುಳಿತಾಗ ನೀವೂ ಈ ಪ್ರಶ್ನೆ ಎತ್ತಿ ನೋಡಿ. ಅಜ್ಜನದೊಂದು, ಮೊಮ್ಮಗನದೊಂದು ಮಾತು ಬಂದೇ ಬರುತ್ತದೆ.

ಊರವರು ಮಾತ್ರ ತಮ್ಮದೇ ರೀತಿಯಲ್ಲಿ ಇದಕ್ಕೊಂದು ಉತ್ತರ ಕಂಡುಕೊಂಡಿದ್ದಾರೆ. ಅದೇ ಆ ಮೂರು ಬಳ್ಳಿಗಳ ತೋಟ. ಫಾರಿನೆ ಸತ್ತು ನೂರು ವರ್ಷವಾದಾಗ, 1980ರಲ್ಲಿ, ಅವನ ಅಭಿಮಾನಿಗಳು ಅದನ್ನು ಮಾಡಿದರು. ಹಳೆಯ ಊರಿನಿಂದ ಅಲ್ಲಿಗೆ ಏರುವ ಕಾಲುದಾರಿಯಲ್ಲಿ ಬಣ್ಣದ ಗಾಜಿನ ಚಿತ್ರಫಲಕಗಳನ್ನು ನಿಲ್ಲಿಸಿದ್ದಾರೆ. ಬಿಸಿಲು ಬಿದ್ದರೆ ನೆಲದ ಮೇಲೆ ಕೆಂಪು, ನೀಲಿ ನೆರಳು. ಪುಟ್ಟಿ ಅವುಗಳ ಮೇಲೇ ಕುಪ್ಪಳಿಸುತ್ತ ಹತ್ತಿದಳು. ನಾಟಕದವರು, ಆಟಗಾರರು, ಗಾಯಕರು ಎಂದು ಹೆಸರಾಂತರು ಬಂದು ಆ ಬಳ್ಳಿಗಳ ಆರೈಕೆ ಮಾಡಿ ಹೋಗುತ್ತಾರೆ. ಮೂರು ಬಳ್ಳಿಯ ಹಣ್ಣಿನಿಂದ ಎಷ್ಟು ರಸ ಬಂದೀತು? ಅದನ್ನು ಬೇರೆ ತೋಟಗಳ ಒಳ್ಳೆಯ ವೈನಿಗೆ ಬೆರೆಸಿ, ಬಾಟಲಿಗಳಿಗೆ ಈ ತೋಟದ ಚೀಟಿ ಹಚ್ಚಿ ಮಾರುತ್ತಾರೆ. ಬಂದ ಹಣ ಕಷ್ಟದಲ್ಲಿರುವ ಮಕ್ಕಳಿಗೆ. ಖೋಟಾ ನಾಣ್ಯದವನ ಹೆಸರಿನಲ್ಲಿ ಈಗ ಅಸಲಿ ಹಣ ಬಡವರಿಗೆ ಸೇರುತ್ತಿದೆ.

ಇನ್ನು ಒಡೆಯರ ವಿಷಯ. ಮೊದಲು ಈ ತೋಟ ಫ್ರಾನ್ಸಿನ ನಟ ಝಾನ್ ಲೂಯಿ ಬಾರೊ ಅವರದು. ಹಳೆಯ ಚಲನಚಿತ್ರವೊಂದರಲ್ಲಿ ಫಾರಿನೆಯ ಪಾತ್ರ ಮಾಡಿದ್ದವರು ಅವರೇ. ಆಮೇಲೆ, ಮನೆಯಿಲ್ಲದವರಿಗಾಗಿ ಸಂಸ್ಥೆ ಕಟ್ಟಿದ ಒಬ್ಬ ಪಾದ್ರಿಯವರ ಕೈಗೆ ಬಂತು. 1999ರಿಂದ ಇದರ ಒಡೆಯರು ದಲೈಲಾಮಾ!

"ನಮ್ಮ ಬೈಲಕುಪ್ಪೆಯವರ ದಲೈಲಾಮಾ?" ಎಂದು ಪುಟ್ಟಿ ಕೂಗಿಯೇಬಿಟ್ಟಳು. ಹೌದು, ಅವರೇ. ವೈನ್ ಮುಟ್ಟದ ಬೌದ್ಧ ಸನ್ಯಾಸಿ ದ್ರಾಕ್ಷಿ ತೋಟದ ಒಡೆಯರು ಎಂದರೆ ನಗು ಬರುತ್ತದೆ. ಆದರೆ ಅವರು 1959ರಲ್ಲಿ ಟಿಬೆಟ್ ಬಿಟ್ಟು ಭಾರತಕ್ಕೆ ಬಂದವರು. ಮತ್ತೆ ತಮ್ಮ ನಾಡಿಗೆ ಹೋಗಲಾಗಲಿಲ್ಲ. ತಾಯ್ನೆಲದಲ್ಲಿ ಕಾಲಿಡಲಾಗದವರ ಹೆಸರಿನಲ್ಲಿ, ದೂರದ ಇನ್ನೊಂದು ಬೆಟ್ಟದ ನಾಡಿನವರು ಒಂದು ಚಾಪೆಯಷ್ಟು ನೆಲ ಇಟ್ಟಿದ್ದಾರೆ.

ಅವರ ಹಿಂದೆ ಬಂದ ಸಾವಿರಾರು ಟಿಬೆಟಿಯನ್ನರಿಗೆ ನೆಲ ಕೊಟ್ಟವರಲ್ಲಿ ನಮ್ಮವರೂ ಇದ್ದಾರೆ. 1960ರ ಆಸುಪಾಸಿನಲ್ಲಿ ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅವರಿಗೆ ಜಾಗ ಕೊಟ್ಟಿತು. ಚಳಿಯ ನಾಡಿನಿಂದ ಬಂದವರು ಇಲ್ಲಿಯ ಸೆಕೆಯಲ್ಲಿ ಕಾಡು ಕಡಿದು, ಆನೆಗಳಿಗೆ ಹೆದರುತ್ತ, ಮುಸುಕಿನ ಜೋಳ ಬೆಳೆದು ಊರು ಕಟ್ಟಿದರು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ನೆಲೆಯಾದರು. ಪುಟ್ಟಿಯ ಶಾಲೆಯಿಂದ ಬೈಲಕುಪ್ಪೆಯ ಚಿನ್ನದ ಬಣ್ಣದ ಬುದ್ಧರನ್ನು ನೋಡಲು ಕರೆದುಕೊಂಡು ಹೋಗಿದ್ದರು. ಮೂರು ಬಳ್ಳಿಗಳ ಮುಂದೆ ನಿಂತು ಅವಳು ತನ್ನ ಮಾವನಿಗೆ ಅದರ ವರದಿಯನ್ನೆಲ್ಲ ಒಪ್ಪಿಸಿದಳು. ಪಕ್ಕದಲ್ಲಿದ್ದ ಅಲ್ಲಿಯ ಹೆಂಗಸೊಬ್ಬರಿಗೆ ಮಗ ಅದನ್ನು ಫ್ರೆಂಚ್‌ನಲ್ಲಿ ಹೇಳಿದಾಗ ಅವರು ಪುಟ್ಟಿಯ ತಲೆ ಸವರಿ, ಎಲೆಯ ಮರೆಯಲ್ಲಿ ಉಳಿದಿದ್ದ ಒಂದು ಪುಟ್ಟ ಗೊಂಚಲನ್ನು ತೋರಿಸಿದರು.

ಸಾಯೋಂಗೆ ಹೋಗುವ ಹಿರಿಯರಿಗೆ ಒಂದು ಮಾತು: ಏರು ಕಡಿದಾಗಿದೆ, ಗಟ್ಟಿ ಚಪ್ಪಲಿ ಇರಲಿ, ಆತುರ ಬೇಡ. ಕೆಳಗೆ ಬಿಸಿನೀರಿನ ಬುಗ್ಗೆಯ ಸ್ನಾನದ ಕೊಳಗಳಿವೆ, ಕಾಲು ನೋವಿಗೆ ಹಿತ. ಅಷ್ಟು ದೂರ ಹೋಗಲಾಗದವರಿಗೆ ಬೈಲಕುಪ್ಪೆ ಹತ್ತಿರದಲ್ಲೇ ಇದೆ. ಮುಂದಿನ ರಜೆಯಲ್ಲಿ ಅಲ್ಲಿಗೆ ಹೋದಾಗ ಬುದ್ಧರನ್ನು ನೋಡಿ ಹಿಂದಿರುಗಿ ಬಿಡಬೇಡಿ. ಅಲ್ಲಿಯ ಹಿರಿಯರೊಬ್ಬರ ಪಕ್ಕ ಕುಳಿತು, ಮೊದಲ ಜೋಳ ಹೇಗೆ ಬೆಳೆದಿರಿ ಎಂದು ಮಕ್ಕಳಿಂದ ಕೇಳಿಸಿ. ಅಲ್ಲಿಯ ಹಿರಿಯರಲ್ಲಿ ಅನೇಕರು ಕನ್ನಡದಲ್ಲೇ ಉತ್ತರ ಕೊಡುತ್ತಾರೆ.